ಹಂಸದ ಅರಮನೆಯ ರಾಜ ಲುಡ್ವಿಗ್

ಊರಿಂದ ಅಜ್ಜಿ-ತಾತ ಬಂದರೆ ನಮ್ಮೆಲ್ಲರ ಮನೆಯಲ್ಲೂ ಒಂದೇ ಪಟ್ಟಿ ಹೊರಗೆ ಬರುತ್ತೆ. ಒಂದು ದೊಡ್ಡ ಚರ್ಚು, ಒಂದು ಮ್ಯೂಸಿಯಂ, ಒಂದು ಕೋಟೆ, ಮಧ್ಯಾಹ್ನಕ್ಕೆ ಡಬ್ಬಿಯಲ್ಲಿ ಪುಳಿಯೋಗರೆ. ಮೂರನೇ ಚರ್ಚು ನೋಡುವಷ್ಟರಲ್ಲಿ ಮಕ್ಕಳಿಗೆ ಕಾಲುನೋವು, ತಾತನಿಗೆ ಮಂಡಿನೋವು. ಎಲ್ಲಾ ಒಂದೇ ಥರ ಕಾಣಿಸ್ತಿದೆ ಅಂತ ಯಾರಾದರೂ ಒಬ್ಬರು ಹೇಳಿಯೇ ಹೇಳ್ತಾರೆ. ನಮ್ಮ ಮನೆಯಲ್ಲಿ ಆ ಮಾತು ಹೇಳಿದ್ದು ನನ್ನ ಒಂಬತ್ತು ವರ್ಷದ ಮಗ.

ಹಾಗಾಗಿ ಕಳೆದ ಬೇಸಿಗೆ ರಜೆಯಲ್ಲಿ ನೊಯ್‌ಶ್ವಾನ್‌ಸ್ಟೈನ್ ನೋಡಲು ಹೊರಟಾಗ ಒಂದು ಉಪಾಯ ಮಾಡಿದೆ. ಕಟ್ಟಡದ ಬಗ್ಗೆ ಏನೂ ಹೇಳೋದು ಬೇಡ, ಕಟ್ಟಿಸಿದವನ ಕಥೆ ಮಾತ್ರ ಹೇಳೋಣ ಅಂದುಕೊಂಡೆ. ಮ್ಯೂನಿಕ್‌ನಿಂದ ಫ್ಯುಸೆನ್‌ಗೆ ಹೋಗುವ ರೈಲಿನಲ್ಲಿ ಎರಡು ಗಂಟೆ ಸಮಯವೂ ಇತ್ತು. ಆದರೆ ಶುರು ಮಾಡುವ ಮೊದಲೇ ತಾತ ಅಡ್ಡ ಬಂದರು. ಟಿಕೆಟ್ ಮೇಲಿದ್ದ ಹೆಸರನ್ನು ನಿಧಾನವಾಗಿ ಓದಿ, ಇದೇನಿದು, ಶ್ವಾನದ ಹೆಸರಿನಲ್ಲಿ ಅರಮನೆ ಕಟ್ಟಿಸಿದ್ದಾರಲ್ಲ, ರಾಜ ಅಷ್ಟೊಂದು ನಾಯಿಪ್ರಿಯನಾ ಅಂತ ಕೇಳಿದರು. ಮಕ್ಕಳು ಬಿದ್ದು ಬಿದ್ದು ನಕ್ಕರು. ಕನ್ನಡದಲ್ಲಿ ಶ್ವಾನ ಅಂದರೆ ನಾಯಿ, ಜರ್ಮನ್ ಭಾಷೆಯಲ್ಲಿ ಶ್ವಾನ್ ಅಂದರೆ ಹಂಸ! ಹೊಸ ಹಂಸದ ಬಂಡೆ ಎಂಬುದು ಆ ಹೆಸರಿನ ಅರ್ಥ. ಈ ಹಂಸದಿಂದಲೇ ಕಥೆ ಶುರುವಾಗುವುದರಿಂದ ತಾತನಿಗೆ ನಾನು ಋಣಿ.

ಲುಡ್ವಿಗ್ ಹುಟ್ಟಿದ್ದು 1845ರ ಆಗಸ್ಟ್ 25ರಂದು, ಮ್ಯೂನಿಕ್‌ನ ನಿಂಫೆನ್‌ಬುರ್ಗ್ ಅರಮನೆಯಲ್ಲಿ. ಹಸಿರು ಬಣ್ಣದ ಆ ಕೋಣೆಯನ್ನು ಈಗಲೂ ನೋಡಬಹುದು. ಆಗ ಜರ್ಮನಿ ಅನ್ನೋ ಒಂದೇ ದೇಶ ಇರಲಿಲ್ಲ, ಚಿಕ್ಕ ದೊಡ್ಡ ಸಂಸ್ಥಾನಗಳು ಬಹಳ ಇದ್ದವು. ಅವುಗಳಲ್ಲಿ ದೊಡ್ಡದೊಂದು ಬವೇರಿಯಾ. ಮಗು ಹುಟ್ಟಿದಾಗ ಅಜ್ಜ ಒಂದನೇ ಲುಡ್ವಿಗ್ ಇನ್ನೂ ರಾಜನಾಗಿದ್ದ. ಅಜ್ಜನ ಹುಟ್ಟುಹಬ್ಬವೂ ಅದೇ ದಿನ. ಹಾಗಾಗಿ ಮೊಮ್ಮಗನಿಗೂ ಅಜ್ಜನ ಹೆಸರು. (ನಮ್ಮಲ್ಲೂ ಹೀಗೇ ಅಲ್ವಾ?) ಮೂರು ವರ್ಷದ ನಂತರ ತಮ್ಮ ಓಟೋ ಹುಟ್ಟಿದ. ಅದೇ ವರ್ಷ, 1848ರಲ್ಲಿ, ಅಜ್ಜ ಸಿಂಹಾಸನ ಬಿಟ್ಟು ಅಪ್ಪ ಎರಡನೇ ಮ್ಯಾಕ್ಸಿಮಿಲಿಯನ್ ರಾಜನಾದ.

ಅಣ್ಣತಮ್ಮಂದಿರ ಬಾಲ್ಯ ಬಹುಮಟ್ಟಿಗೆ ಕಳೆದದ್ದು ಆಲ್ಪ್ಸ್ ಬೆಟ್ಟಗಳ ಬುಡದಲ್ಲಿರುವ ಹೋಹೆನ್‌ಶ್ವಾಂಗೌ ಕೋಟೆಯಲ್ಲಿ. ನೊಯ್‌ಶ್ವಾನ್‌ಸ್ಟೈನ್ ನೋಡಲು ಹೋದವರು ಬಸ್ಸು ಇಳಿದ ಕೂಡಲೇ ಒಂದು ಹಳದಿ ಕೋಟೆ ಕಾಣುತ್ತೆ ನೋಡಿ, ಅದೇ ಇದು. ಹೆಚ್ಚಿನವರು ಅದಕ್ಕೆ ಬೆನ್ನು ಮಾಡಿ ಮೇಲೆ ಹತ್ತುತ್ತಾರೆ. ಅದನ್ನು ಬಿಡಬೇಡಿ ಅಂತ ನನ್ನ ಸಲಹೆ. ಹಾಳುಬಿದ್ದಿದ್ದ ಒಂದು ಹಳೇ ಕೋಟೆಯನ್ನು ಅಪ್ಪ ತನ್ನ ಯುವರಾಜನ ದಿನಗಳಲ್ಲಿ ಕೊಂಡು ರಿಪೇರಿ ಮಾಡಿಸಿದ್ದ, ಗೋಡೆಗಳ ಮೇಲೆ ಹಳೆಯ ವೀರರ ಕಥೆಗಳನ್ನು ಬರೆಸಿದ್ದ. ಅದರಲ್ಲಿ ಒಂದು ಲೋಹೆನ್‌ಗ್ರಿನ್ ಎಂಬ ಯೋಧನ ಕಥೆ. ಅವನು ಹಂಸ ಎಳೆಯುವ ದೋಣಿಯಲ್ಲಿ ಬಂದು, ಕಷ್ಟದಲ್ಲಿದ್ದ ರಾಜಕುಮಾರಿಯನ್ನು ಕಾಪಾಡುತ್ತಾನೆ. ಆದರೆ ಒಂದು ಷರತ್ತು: ಅವನ ಹೆಸರು, ಊರು ಯಾರೂ ಕೇಳಬಾರದು. ಅವಳು ಕೇಳಿಬಿಡುತ್ತಾಳೆ. ಅವನು ಹೊರಟುಹೋಗುತ್ತಾನೆ. ನಮ್ಮ ಗಂಗೆ-ಶಂತನು ಕಥೆಯ ಹಾಗೇ ಇದೆ ಅಂತ ಅಜ್ಜಿ ಅಂದರು. ನಿಜ.

ಪುಟ್ಟ ಲುಡ್ವಿಗ್ ಇಂಥ ಚಿತ್ರಗಳ ನಡುವೆ ಓಡಾಡಿಕೊಂಡು ಬೆಳೆದ. ಕೆಳಗಿನ ಆಲ್ಪ್‌ಸೇ ಸರೋವರದಲ್ಲಿ ನಿಜವಾದ ಹಂಸಗಳಿದ್ದವು, ಅವಕ್ಕೆ ತಿನ್ನಿಸುತ್ತಿದ್ದ. ಅಮ್ಮ ಮರೀಗೆ ಬೆಟ್ಟ ಹತ್ತುವ ಹುಚ್ಚು, ಮಕ್ಕಳನ್ನೂ ಕರೆದುಕೊಂಡು ಹೋಗುತ್ತಿದ್ದಳು. ಇಷ್ಟು ಕೇಳಿದರೆ ಸುಖವಾದ ಬಾಲ್ಯ ಅನಿಸುತ್ತೆ. ಆದರೆ ಪಾಠ ಬಹಳ ಕಟ್ಟುನಿಟ್ಟು, ಅಪ್ಪ ಮಕ್ಕಳ ಜೊತೆ ಬೆರೆತದ್ದು ಕಡಿಮೆ. ಮುಂದೆ ರಾಜನಾಗುವವನಿಗೆ ರಾಜ್ಯದ ವ್ಯವಹಾರ ಹೇಗೆ ನಡೆಯುತ್ತದೆ ಎಂಬುದನ್ನೂ ಅವನು ಸರಿಯಾಗಿ ಹೇಳಿಕೊಡಲಿಲ್ಲ. ಹದಿನೈದನೇ ವಯಸ್ಸಿನಲ್ಲಿ, 1861ರಲ್ಲಿ, ಲುಡ್ವಿಗ್ ಮ್ಯೂನಿಕ್‌ನಲ್ಲಿ ಮೊದಲ ಬಾರಿಗೆ ರಿಚರ್ಡ್ ವಾಗ್ನರ್ ಬರೆದ ಸಂಗೀತ ನಾಟಕ ನೋಡಿದ. ಅದು ಅದೇ ಹಂಸದ ಯೋಧನ ಕಥೆ, ಲೋಹೆನ್‌ಗ್ರಿನ್. ಗೋಡೆಯ ಮೇಲಿದ್ದವನು ಎದ್ದು ಬಂದು ಹಾಡಿದ ಹಾಗೆ ಆಗಿರಬೇಕು ಆ ಹುಡುಗನಿಗೆ. ಆ ಮೇಲೆ ಅವನ ಜೀವನದ ದಿಕ್ಕೇ ಬೇರೆಯಾಯ್ತು.

1864ರ ಮಾರ್ಚ್‌ನಲ್ಲಿ ಅಪ್ಪ ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು ತೀರಿಕೊಂಡ. ಲುಡ್ವಿಗ್ ರಾಜನಾದ. ವಯಸ್ಸು ಬರೀ 18! ನಮ್ಮಲ್ಲಿ ಆ ವಯಸ್ಸಿಗೆ ಡ್ರೈವಿಂಗ್ ಲೈಸೆನ್ಸ್ ಸಿಕ್ಕರೆ ದೊಡ್ಡದು. ಆರಡಿ ಮೀರಿದ ಎತ್ತರ, ಗುಂಗುರು ಕೂದಲು, ನೋಡಲು ಬಹಳ ಸುಂದರ. ಜನ ಮರುಳಾದರು. ಹೊಸ ರಾಜ ಮೊದಮೊದಲು ಮಾಡಿದ ಕೆಲಸಗಳಲ್ಲಿ ಒಂದು, ವಾಗ್ನರ್ ಎಲ್ಲಿದ್ದರೂ ಹುಡುಕಿ ಕರೆತರಬೇಕೆಂದು ಆಜ್ಞೆ ಮಾಡಿದ್ದು. ವಾಗ್ನರ್ ಆಗ ಸಾಲಗಾರರಿಗೆ ಹೆದರಿ ಊರೂರು ತಪ್ಪಿಸಿಕೊಂಡು ತಿರುಗುತ್ತಿದ್ದ. ರಾಜ ಅವನ ಸಾಲ ತೀರಿಸಿದ, ಮನೆ ಕೊಟ್ಟ, ಸಂಬಳ ಕೊಟ್ಟ. 1865ರಲ್ಲಿ ವಾಗ್ನರ್‌ನ ಟ್ರಿಸ್ಟಾನ್ ಮತ್ತು ಇಜೋಲ್ಡೆ ಮೊದಲ ಬಾರಿ ರಂಗಕ್ಕೆ ಬಂದದ್ದು ಮ್ಯೂನಿಕ್‌ನಲ್ಲೇ.

ವಾಗ್ನರ್ ಸಂಗೀತದಲ್ಲಿ ಎಷ್ಟು ದೊಡ್ಡವನೋ, ದುಡ್ಡಿನ ವಿಷಯದಲ್ಲಿ ಅಷ್ಟೇ ಕೈ ಬಿಚ್ಚಿ ಖರ್ಚು ಮಾಡುವವನು. ರಾಜಕೀಯದಲ್ಲೂ ಮೂಗು ತೂರಿಸಿದ. ಮಂತ್ರಿಗಳಿಗೂ ಊರಿನವರಿಗೂ ಸಿಟ್ಟು ಬಂತು. 1865ರ ಕೊನೆಯಲ್ಲಿ ರಾಜ ಮನಸ್ಸಿಲ್ಲದ ಮನಸ್ಸಿನಿಂದ ಅವನನ್ನು ಮ್ಯೂನಿಕ್‌ನಿಂದ ಕಳಿಸಬೇಕಾಯ್ತು. ಆದರೂ ಸಹಾಯ ನಿಲ್ಲಿಸಲಿಲ್ಲ. ಬೈರೋಯ್ಟ್‌ನಲ್ಲಿ ಇವತ್ತಿಗೂ ಪ್ರತಿ ಬೇಸಿಗೆಯಲ್ಲಿ ಸಂಗೀತೋತ್ಸವ ನಡೆಯುವ ರಂಗಮಂದಿರ ಪೂರ್ತಿಯಾದದ್ದು ರಾಜ ಕೊಟ್ಟ ಸಾಲದಿಂದ. ಇನ್ನೊಂದು ಮಾತು ಇಲ್ಲಿ ಹೇಳಲೇಬೇಕು. ವಾಗ್ನರ್ ಯೆಹೂದಿಗಳನ್ನು ದ್ವೇಷಿಸಿ ಬರೆಯುತ್ತಿದ್ದ. ರಾಜನಿಗೆ ಅದು ಹಿಡಿಸುತ್ತಿರಲಿಲ್ಲ. ವಾಗ್ನರ್‌ನ ಕೊನೆಯ ನಾಟಕ ಪಾರ್ಸಿಫಾಲ್ ಅನ್ನು 1882ರಲ್ಲಿ ನಡೆಸಿಕೊಟ್ಟ ಸಂಗೀತ ನಿರ್ದೇಶಕ ಹೆರ್ಮಾನ್ ಲೇವಿ ಯೆಹೂದಿ. ನನ್ನ ವಾದ್ಯಗಾರರು ಬೇಕಿದ್ದರೆ ಅವರ ನಿರ್ದೇಶಕನೂ ಅವರ ಜೊತೆಗೇ ಬರುತ್ತಾನೆ ಎಂಬುದರಲ್ಲಿ ರಾಜ ಗಟ್ಟಿಯಾಗಿ ನಿಂತ.

ಇನ್ನು ಯುದ್ಧ. 1866ರಲ್ಲಿ ಪ್ರಷ್ಯಾಕ್ಕೂ ಆಸ್ಟ್ರಿಯಾಕ್ಕೂ ಜಗಳ ಬಂದಾಗ ಬವೇರಿಯಾ ಆಸ್ಟ್ರಿಯಾ ಪರ ನಿಂತು ಸೋತಿತು. 3 ಕೋಟಿ ಗುಲ್ಡನ್ ದಂಡ ಕಟ್ಟಬೇಕಾಯ್ತು. ಇಪ್ಪತ್ತೊಂದು ತುಂಬುವ ಮೊದಲೇ ಲುಡ್ವಿಗ್‌ಗೆ ತಾನು ಹೆಸರಿಗೆ ಮಾತ್ರ ರಾಜ ಅನ್ನುವುದು ಗೊತ್ತಾಯ್ತು. 1871ರ ಜನವರಿ 18ರಂದು ವರ್ಸೇಲ್ಸ್ ಅರಮನೆಯ ಕನ್ನಡಿ ಹಜಾರದಲ್ಲಿ ಪ್ರಷ್ಯಾದ ರಾಜನನ್ನು ಇಡೀ ಜರ್ಮನಿಯ ಚಕ್ರವರ್ತಿ ಎಂದು ಸಾರಿದರು. ಅದಕ್ಕೆ ಒಪ್ಪಿಗೆಯ ಪತ್ರಕ್ಕೆ ಸಹಿ ಹಾಕಿದವನು ಲುಡ್ವಿಗ್‌ನೇ. ಪತ್ರದ ಒಕ್ಕಣೆ ಮಾತ್ರ ಪ್ರಷ್ಯಾದ ಬಿಸ್ಮಾರ್ಕ್‌ನದು, ಸಹಿಯ ನಂತರ ಗುಟ್ಟಾಗಿ ಹಣವೂ ಬರತೊಡಗಿತು. ಸಮಾರಂಭಕ್ಕೆ ಲುಡ್ವಿಗ್ ಹೋಗಲಿಲ್ಲ, ತಮ್ಮ ಓಟೋನನ್ನು ಕಳಿಸಿದ. ಆ ಹಣ ತಗೊಂಡದ್ದು ಸರಿ ಅಂತ ನಾನಂತೂ ಹೇಳಲಾರೆ.

ಮದುವೆಯ ವಿಷಯ ಬೇಗ ಹೇಳಿ ಮುಗಿಸ್ತೀನಿ. 1867ರಲ್ಲಿ ಸಂಬಂಧಿಕರ ಹುಡುಗಿ ಸೋಫಿಯ ಜೊತೆ ನಿಶ್ಚಿತಾರ್ಥವಾಯ್ತು. ಸಿಸಿ ಅಂತ ನೀವು ಸಿನಿಮಾದಲ್ಲಿ ನೋಡಿರುವ ಆಸ್ಟ್ರಿಯಾದ ಮಹಾರಾಣಿಯ ತಂಗಿ ಅವಳು. ಮದುವೆಯ ರಥವೂ ಸಿದ್ಧವಾಗಿತ್ತು. ದಿನ ಮುಂದೆ ಹಾಕುತ್ತಾ ಹಾಕುತ್ತಾ ಕೊನೆಗೆ ಆ ವರ್ಷದ ಅಕ್ಟೋಬರ್‌ನಲ್ಲಿ ರಾಜನೇ ಸಂಬಂಧ ಮುರಿದ. ಅವನ ಮನಸ್ಸು ಒಲಿಯುತ್ತಿದ್ದದ್ದು ಗಂಡಸರ ಕಡೆಗೆ, ಕ್ಯಾಥೊಲಿಕ್ ರಾಜನಾಗಿ ಅದನ್ನು ಯಾರ ಹತ್ತಿರವೂ ಹೇಳಿಕೊಳ್ಳಲಾರದೆ ಒಳಗೇ ನವೆದ ಎಂದು ಅವನ ಡೈರಿ ಓದಿದ ಇತಿಹಾಸಕಾರರು ಹೇಳುತ್ತಾರೆ.

ಅವನು ಕಟ್ಟಿಸಲು ಶುರು ಮಾಡಿದ್ದು ಇಂಥ ಹೊತ್ತಿನಲ್ಲಿ. ನಿಜವಾದ ರಾಜ್ಯ ಕೈಯಲ್ಲಿ ಉಳಿಯಲಿಲ್ಲ, ಹಾಗಾದರೆ ಇನ್ನೊಂದನ್ನು ಮಾಡಿಕೊಳ್ತೀನಿ ಅಂದುಕೊಂಡ ಹಾಗಿದೆ. ಬಾಲ್ಯದ ಕೋಟೆಯ ಎದುರಿನ ಬಂಡೆಯ ಮೇಲೆ ಎರಡು ಹಳೇ ಕೋಟೆಗಳ ಅವಶೇಷ ಇತ್ತು. ಅದನ್ನು ಕೆಡವಿ, ಬಂಡೆಯ ತಲೆಯನ್ನೇ ಸಿಡಿಮದ್ದಿನಿಂದ ಹಾರಿಸಿ, 1869ರ ಸೆಪ್ಟೆಂಬರ್ 5ರಂದು ಅಡಿಗಲ್ಲು ಇಟ್ಟರು. ಮೊದಲ ಚಿತ್ರ ಬರೆದುಕೊಟ್ಟವನು ವಾಸ್ತುಶಿಲ್ಪಿ ಅಲ್ಲ, ನಾಟಕದ ಪರದೆಗಳನ್ನು ಬರೆಯುತ್ತಿದ್ದ ಕ್ರಿಸ್ಟಿಯಾನ್ ಯಾಂಕ್! ಆ ಮೇಲೆ ಎಡ್ವಾರ್ಡ್ ರೀಡೆಲ್ ಮತ್ತಿತರ ವಾಸ್ತುಶಿಲ್ಪಿಗಳು ಅದನ್ನು ಕಲ್ಲಿಗೆ ಇಳಿಸಿದರು. ದೂರದಿಂದ ನೋಡಿದರೆ ನಾಟಕದ ಸೀನರಿ ಥರ ಕಾಣುವುದು ಅದಕ್ಕೇ.

ಬೆಟ್ಟದ ತುದಿಗೆ ಸಾಮಾನು ಸಾಗಿಸಿದ್ದು ದೊಡ್ಡ ಸಾಹಸ. ಉಗಿಯಿಂದ ನಡೆಯುವ ಕ್ರೇನ್ ತಂದರು. 1879-80ರ ಅವಧಿಯೊಂದರಲ್ಲೇ ನಾಲ್ಕು ಲಕ್ಷ ಇಟ್ಟಿಗೆ, 465 ಟನ್ ಅಮೃತಶಿಲೆ ಮೇಲೇರಿತು. ಸುತ್ತಲಿನ ಹಳ್ಳಿಗಳಿಗೆ ಸುಮಾರು ಇಪ್ಪತ್ತು ವರ್ಷ ಅದೇ ಅನ್ನ ಕೊಟ್ಟ ಕೆಲಸ. ಕೆಲಸಗಾರರು ಕಾಯಿಲೆ ಬಿದ್ದರೆ, ಗಾಯಗೊಂಡರೆ ದುಡ್ಡು ಕೊಡುವ ಒಂದು ಸಂಘವೂ 1870ರಲ್ಲಿ ಹುಟ್ಟಿತು, ರಾಜನೂ ಅದಕ್ಕೆ ಹಣ ಹಾಕುತ್ತಿದ್ದ. ಕೆಲಸದಲ್ಲಿ ಸತ್ತವರ ಮನೆಯವರಿಗೆ ಸಣ್ಣ ಪಿಂಚಣಿ ಸಿಗುತ್ತಿತ್ತು.

ಒಳಗಿನ ಸುತ್ತು ಅರ್ಧ ಗಂಟೆಗೆಲ್ಲಾ ಮುಗಿದುಹೋಗುತ್ತೆ, ಫೋಟೋ ತೆಗೆಯುವ ಹಾಗಿಲ್ಲ. ಆದ್ದರಿಂದ ಏನನ್ನು ನೋಡಬೇಕು ಅಂತ ಮೊದಲೇ ತಿಳಿದುಕೊಂಡು ಹೋಗಿ. ಮಲಗುವ ಕೋಣೆಯ ಮರದ ಕೆತ್ತನೆಗೆ 14 ಮಂದಿ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ದುಡಿದರು. ಮಂಚದ ಮೇಲಿನ ಗೋಪುರಗಳನ್ನು ನೋಡಿ ಅಜ್ಜಿಗೆ ದೇವರ ಮಂಟಪ ಅನ್ನಿಸಿತು. ಎರಡು ಕೋಣೆಗಳ ನಡುವೆ ಒಂದು ಕೃತಕ ಗುಹೆ! ಮಕ್ಕಳು ಅಲ್ಲಿಂದ ಕದಲಲಿಲ್ಲ. ಹಳೇ ಕಾಲದ ಕೋಟೆ ಥರ ಕಂಡರೂ ಒಳಗೆ ಎಲ್ಲಾ ಆಗಿನ ಹೊಸ ತಂತ್ರಜ್ಞಾನ. ಎಲ್ಲ ಮಹಡಿಗಳಿಗೂ ನಲ್ಲಿ ನೀರು, ಫ್ಲಶ್ ಇರುವ ಶೌಚಾಲಯ, ಬಿಸಿಗಾಳಿಯ ಹೀಟಿಂಗ್, ಆಳುಗಳನ್ನು ಕರೆಯಲು ಎಲೆಕ್ಟ್ರಿಕ್ ಗಂಟೆ, ಟೆಲಿಫೋನ್ ಕೂಡ. ಊಟ ಅಡುಗೆಮನೆಯಿಂದ ಲಿಫ್ಟ್‌ನಲ್ಲಿ ಮೇಲೆ ಬರುತ್ತಿತ್ತು.

ಎಲ್ಲಕ್ಕಿಂತ ನನ್ನನ್ನು ತಡೆದು ನಿಲ್ಲಿಸಿದ್ದು ಸಿಂಹಾಸನದ ಹಜಾರ. ನೆಲದಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಚೂರುಗಳ ಮೊಸಾಯಿಕ್, ಮೇಲೆ ಕಿರೀಟದ ಆಕಾರದ ದೊಡ್ಡ ದೀಪಗುಚ್ಛ, ಎದುರಿಗೆ ಅಮೃತಶಿಲೆಯ ಮೆಟ್ಟಿಲು. ಮೆಟ್ಟಿಲು ಹತ್ತಿದ ಮೇಲೆ ಏನೂ ಇಲ್ಲ. ಮೈಸೂರಿನಲ್ಲಿ ದಸರಾ ಸಮಯದಲ್ಲಿ ಚಿನ್ನದ ಸಿಂಹಾಸನ ನೋಡಿದ್ದ ನನ್ನ ಮಗಳು, ಇವರದನ್ನು ಯಾರು ಕದ್ದರು ಅಂತ ಮೆಲ್ಲಗೆ ಕೇಳಿದಳು. ಯಾರೂ ಕದಿಯಲಿಲ್ಲ. ಮಾಡಿಸುವ ಮೊದಲೇ ರಾಜ ತೀರಿಕೊಂಡ.

ಇದೊಂದೇ ಅಲ್ಲ. ಲಿಂಡರ್‌ಹೋಫ್ ಎಂಬ ಚಿಕ್ಕ ಅರಮನೆ 1878ರಲ್ಲಿ ಮುಗಿಯಿತು. ಅವನು ಪೂರ್ತಿಯಾಗಿ ನೋಡಿದ ದೊಡ್ಡ ಅರಮನೆ ಅದೊಂದೇ. ಅಲ್ಲಿ ಊಟದ ಮೇಜು ನೆಲದೊಳಗೆ ಇಳಿದು, ಅಡುಗೆಮನೆಯಲ್ಲಿ ಬಡಿಸಿಕೊಂಡು ಮತ್ತೆ ಮೇಲೆ ಬರುತ್ತಿತ್ತು, ಆಳಿನ ಮುಖ ನೋಡುವುದೂ ಬೇಡ ಅಂತ. ತೋಟದಲ್ಲಿ ಕಟ್ಟಿಸಿದ ಗುಹೆಯೊಳಗೆ ಸರೋವರ, ದೋಣಿ, ಬಣ್ಣ ಬದಲಾಯಿಸುವ ಎಲೆಕ್ಟ್ರಿಕ್ ದೀಪ. ಅದಕ್ಕೆ 24 ಡೈನಮೋಗಳು ಬೇಕಾದವು. ಕೀಮ್‌ಸೇ ಸರೋವರದ ನಡುಗಡ್ಡೆಯಲ್ಲಿ ಮೂರನೆಯದು, ವರ್ಸೇಲ್ಸ್ ಮಾದರಿಯ ಹೆರೆನ್‌ಕೀಮ್‌ಸೇ. ಅದರ ಕನ್ನಡಿ ಹಜಾರ ವರ್ಸೇಲ್ಸ್‌ನದಕ್ಕಿಂತ ಉದ್ದ. ಅಲ್ಲಿ ಅವನು ಉಳಿದದ್ದು ಹತ್ತು ದಿನ ಇದ್ದೀತು.

ವಯಸ್ಸಾದಂತೆ ಅವನು ಜನರಿಂದ ದೂರವಾದ. ಹಗಲು ನಿದ್ದೆ, ರಾತ್ರಿ ಎಚ್ಚರ. ಚಳಿಗಾಲದ ರಾತ್ರಿಯಲ್ಲಿ ಚಿನ್ನದ ಬಣ್ಣದ ಹಿಮಬಂಡಿಯಲ್ಲಿ ಬೆಟ್ಟದ ದಾರಿಗಳಲ್ಲಿ ಓಡಾಡುತ್ತಿದ್ದ. ಆ ಬಂಡಿಗೆ ಬ್ಯಾಟರಿ ದೀಪವೂ ಇತ್ತು, ನಿಂಫೆನ್‌ಬುರ್ಗ್‌ನ ರಥಗಳ ಮ್ಯೂಸಿಯಂನಲ್ಲಿ ಈಗಲೂ ಇದೆ. ದಾರಿಯಲ್ಲಿ ಸಿಕ್ಕ ರೈತರನ್ನು ಮಾತಾಡಿಸುತ್ತಿದ್ದ, ಉಡುಗೊರೆ ಕೊಡುತ್ತಿದ್ದ. ಮಂತ್ರಿಗಳನ್ನು ಮಾತ್ರ ನೋಡುತ್ತಿರಲಿಲ್ಲ. ಎಂದೋ ಸತ್ತ ಫ್ರಾನ್ಸಿನ ರಾಜರಾಣಿಯರು ಊಟಕ್ಕೆ ಬಂದಿದ್ದಾರೆ ಎಂದು ಮೇಜಿಗೆ ಹೆಚ್ಚು ತಟ್ಟೆ ಇಡಿಸುತ್ತಿದ್ದನಂತೆ. ತಮ್ಮ ಓಟೋಗೆ ಅಷ್ಟರಲ್ಲಿ ಮನಸ್ಸಿನ ಕಾಯಿಲೆ ಬಂದು ಅವನನ್ನು ಒಂದು ಅರಮನೆಯಲ್ಲಿ ಕಾವಲಿನಲ್ಲಿ ಇಟ್ಟಿದ್ದರು.

ಕಟ್ಟಿಸಿದ್ದು ಸರ್ಕಾರದ ಖಜಾನೆಯಿಂದಲ್ಲ, ರಾಜನ ಸ್ವಂತ ವರಮಾನದಿಂದ, ಸಾಲದಿಂದ. ನೊಯ್‌ಶ್ವಾನ್‌ಸ್ಟೈನ್‌ಗೆ 32 ಲಕ್ಷ ಮಾರ್ಕ್ ಸಾಕು ಅಂತ ಲೆಕ್ಕ ಹಾಕಿದ್ದರು, ಅವನು ಸಾಯುವ ಹೊತ್ತಿಗೆ 60 ಲಕ್ಷ ದಾಟಿತ್ತು, ಇನ್ನೂ ಮುಗಿದಿರಲಿಲ್ಲ. ಮನೆ ಕಟ್ಟಿಸಿದ ಅಪ್ಪಂದಿರಿಗೆ ಇದು ಹೊಸದೇನಲ್ಲ ಬಿಡಿ. ಒಟ್ಟು ಸಾಲ 1 ಕೋಟಿ 40 ಲಕ್ಷ ಮಾರ್ಕ್ ಆಯ್ತು. ಮಂತ್ರಿಗಳು ನಿಲ್ಲಿಸು ಅಂದರು. ಅವನು ಇನ್ನೂ ಸಾಲ ತನ್ನಿ ಅಂದ, ಸಾಲ ಸಿಗದಿದ್ದರೆ ಮಂತ್ರಿಮಂಡಲವನ್ನೇ ಬದಲಾಯಿಸುವ ಯೋಚನೆ ಮಾಡಿದ. ಅದಕ್ಕೆ ಮೊದಲೇ ಅವರು ಅವನನ್ನು ಇಳಿಸಲು ದಾರಿ ಹುಡುಕಿದರು. ರಾಜನನ್ನು ಹಾಗೆ ತೆಗೆಯುವಂತಿಲ್ಲ, ಆದರೆ ಅವನಿಗೆ ಹುಚ್ಚು ಅಂತ ಸಾಬೀತಾದರೆ ತೆಗೆಯಬಹುದು.

1886ರ ಜೂನ್ 8ರಂದು ಬೆರ್ನ್‌ಹಾರ್ಡ್ ಫಾನ್ ಗುಡ್ಡೆನ್ ಮತ್ತು ಇನ್ನು ಮೂವರು ವೈದ್ಯರು ರಾಜನ ಬುದ್ಧಿ ಸರಿಯಿಲ್ಲ, ಅದು ಸರಿಹೋಗುವುದೂ ಇಲ್ಲ ಎಂದು ವರದಿ ಬರೆದು ಸಹಿ ಹಾಕಿದರು. ಆಳುಕಾಳುಗಳ ಹೇಳಿಕೆಗಳನ್ನು ಓದಿ ಬರೆದ ವರದಿ ಅದು. ರಾಜನನ್ನು ಪರೀಕ್ಷೆ ಮಾಡಿರಲಿಲ್ಲ. ಇದನ್ನು ಹೇಳಿದಾಗ ನನ್ನ ಮಗ ರೈಲಿನಲ್ಲೇ ಎದ್ದು ನಿಂತ. ಅವನನ್ನೇ ಕೇಳದೆ ಹೇಗೆ ಬರೆದರು, ಅದು ಮೋಸ ಅಲ್ವಾ ಅಂತ. ನನಗೂ ಹಾಗೇ ಅನ್ನಿಸುತ್ತೆ. ಆದರೆ ವರ್ಷಗಟ್ಟಲೆ ಮುಖ ತೋರಿಸದ ರಾಜನ ಜೊತೆ ರಾಜ್ಯ ನಡೆಸಬೇಕಾದವರ ಕಷ್ಟವೂ ಸುಳ್ಳಲ್ಲ. ಇಂದಿನ ಕೆಲವು ಮನೋವೈದ್ಯರು ಆ ವರದಿಯನ್ನು ಒಪ್ಪುವುದಿಲ್ಲ.

ಜೂನ್ 9ರ ರಾತ್ರಿ ಮಂತ್ರಿಗಳ ಕಡೆಯವರು ರಾಜನನ್ನು ಕರೆದೊಯ್ಯಲು ಬಂದರು. ಒಬ್ಬ ಆಳು ಓಡಿಹೋಗಿ ರಾಜನಿಗೆ ಸುದ್ದಿ ಮುಟ್ಟಿಸಿದ. ಪೊಲೀಸರು, ಊರಿನವರು, ಬೆಂಕಿ ಆರಿಸುವ ದಳದವರು ಸೇರಿ ಅರಮನೆಗೆ ಕಾವಲು ನಿಂತರು. ಒಬ್ಬ ಶ್ರೀಮಂತ ಹೆಂಗಸು ಬಂದವರಿಗೆ ಕೊಡೆಯಿಂದಲೇ ಬಾರಿಸಿದಳಂತೆ! ಬಂದವರನ್ನೇ ಹೆಬ್ಬಾಗಿಲ ಕಟ್ಟಡದಲ್ಲಿ ಕೂಡಿಹಾಕಿ ಆ ಮೇಲೆ ಬಿಟ್ಟರು. ಮ್ಯೂನಿಕ್‌ಗೆ ಹೋಗಿ ಜನರ ಮುಂದೆ ನಿಂತುಬಿಡು ಎಂದು ಹಿತೈಷಿಗಳು ಹೇಳಿದರು. ಹೋಗಿದ್ದರೆ ಏನಾಗುತ್ತಿತ್ತೋ. ಅವನು ಹೋಗಲಿಲ್ಲ. 10ರಂದು ಚಿಕ್ಕಪ್ಪ ಲೂಯಿಟ್‌ಪೋಲ್ಡ್ ಆಡಳಿತ ವಹಿಸಿಕೊಂಡ. 12ರ ಬೆಳಗಿನ ಜಾವ ಮತ್ತೆ ಬಂದವರು ಲುಡ್ವಿಗ್‌ನನ್ನು ಗಾಡಿಯಲ್ಲಿ ಕೂರಿಸಿ ಶ್ಟಾರ್ನ್‌ಬೆರ್ಗ್ ಸರೋವರದ ದಡದ ಬೆರ್ಗ್ ಅರಮನೆಗೆ ಕರೆದೊಯ್ದರು.

ಮರುದಿನ ಜೂನ್ 13, ಭಾನುವಾರ. ಸಂಜೆ ಲುಡ್ವಿಗ್ ಮತ್ತು ಡಾಕ್ಟರ್ ಗುಡ್ಡೆನ್ ಸರೋವರದ ದಂಡೆಯಲ್ಲಿ ನಡೆಯಲು ಹೋದರು, ಕಾವಲಿನವರಿಲ್ಲದೆ. ವಾಪಸ್ ಬರಲಿಲ್ಲ. ಹುಡುಕಾಡಿ ರಾತ್ರಿ ಹನ್ನೊಂದರ ಸುಮಾರಿಗೆ ಇಬ್ಬರ ದೇಹವೂ ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಸಿಕ್ಕವು. ರಾಜನ ಗಡಿಯಾರ 6 ಗಂಟೆ 54 ನಿಮಿಷಕ್ಕೆ ನಿಂತಿತ್ತು. ಅವನು ಒಳ್ಳೇ ಈಜುಗಾರ. ಡಾಕ್ಟರ್ ಮೈಮೇಲೆ ಹೊಡೆದಾಟದ ಗುರುತು ಇತ್ತು. ತಪ್ಪಿಸಿಕೊಳ್ಳಲು ಹೋದನೋ, ಸಾಯಲೆಂದೇ ನೀರಿಗಿಳಿದನೋ, ಯಾರಾದರೂ ಕೊಂದರೋ, ಜನ ಇವತ್ತಿಗೂ ವಾದ ಮಾಡುತ್ತಾರೆ. ಅವನಿಗೆ ಆಗ 40 ವರ್ಷ.

ಯಾರೂ ನೋಡಬಾರದು ಅಂತ ಕಟ್ಟಿಸಿದ ಅರಮನೆಯನ್ನು ಏಳೇ ವಾರದಲ್ಲಿ, ಅದೇ ಆಗಸ್ಟ್ 1ರಂದು, ಟಿಕೆಟ್ ಇಟ್ಟು ಜನರಿಗೆ ತೆರೆದರು. ನೊಯ್‌ಶ್ವಾನ್‌ಸ್ಟೈನ್ ಎಂಬ ಹೆಸರು ಬಂದದ್ದೂ ಅವನು ಸತ್ತ ಮೇಲೆಯೇ. ಅಲ್ಲಿ ಅವನು ವಾಸವಿದ್ದ ದಿನಗಳನ್ನೆಲ್ಲಾ ಕೂಡಿಸಿದರೆ ಆರು ತಿಂಗಳೂ ಆಗುವುದಿಲ್ಲ. ಯಾರಿಗಾಗಿ ಆ ಹಾಡಿನ ಹಜಾರ ಕಟ್ಟಿಸಿದನೋ ಆ ವಾಗ್ನರ್ ಒಮ್ಮೆಯೂ ಅದನ್ನು ನೋಡದೆ 1883ರಲ್ಲೇ ತೀರಿಕೊಂಡಿದ್ದ. ಕಟ್ಟಡದ ಸಾಲ 1899ರ ಹೊತ್ತಿಗೆ ತೀರಿತು. ಈಗ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆ. 2025ರಲ್ಲಿ ಅವನ ಅರಮನೆಗಳು ಯುನೆಸ್ಕೊ ಪಟ್ಟಿಗೂ ಸೇರಿದವು. ರಾಜ್ಯ ಹಾಳುಮಾಡುತ್ತವೆ ಅಂತ ಮಂತ್ರಿಗಳು ಹೆದರಿದ್ದ ಅರಮನೆಗಳು ಇವೇ.

ವಾಪಸ್ ಬಂದ ಮೇಲಿನ ಶನಿವಾರ ಮ್ಯೂನಿಕ್ ಪೇಟೆಯಲ್ಲಿ ತಾತನಿಗೆ ಸ್ವೆಟರ್ ಕೊಳ್ಳಲು ಹೋಗಿದ್ವಿ. ಅಂಗಡಿಗಳ ಸಾಲಿನ ನಡುವೆಯೇ ಸೇಂಟ್ ಮೈಕೆಲ್ ಚರ್ಚು ಇದೆ. ಈ ಸಲ ಒಳಗೆ ಹೋಗೋಣ ಅಂದವನು ನನ್ನ ಮಗ. ನೆಲಮಾಳಿಗೆಗೆ ಇಳಿದರೆ ರಾಜಮನೆತನದವರ ಶವಪೆಟ್ಟಿಗೆಗಳು, ಅವುಗಳ ನಡುವೆ ದೊಡ್ಡದಾಗಿ ಲುಡ್ವಿಗ್‌ನದು. ಹೃದಯ ಮಾತ್ರ ಅವರ ಮನೆತನದ ಪದ್ಧತಿಯಂತೆ ಬೆಳ್ಳಿಯ ಪಾತ್ರೆಯಲ್ಲಿ ಆಲ್ಟ್‌ಓಟಿಂಗ್ ಎಂಬ ಊರಿನ ಪುಟ್ಟ ಚರ್ಚಿನಲ್ಲಿದೆ. ಪೆಟ್ಟಿಗೆಯ ಮುಂದೆ ಯಾರೋ ತಾಜಾ ಹೂವು ಇಟ್ಟಿದ್ದರು. ಅಲ್ಲೇ ಹತ್ತಿರದಲ್ಲಿ ಇನ್ನೊಂದು ಪೆಟ್ಟಿಗೆಯ ಮೇಲೆ ಓಟೋ ಎಂಬ ಹೆಸರನ್ನು ಮಗಳು ಓದಿದಳು. ಅಣ್ಣ ಸತ್ತ ಮೇಲೆ ಹೆಸರಿಗೆ ರಾಜನಾಗಿ, ಒಂದು ದಿನವೂ ಆಳದೆ, 1916ರಲ್ಲಿ ತೀರಿಕೊಂಡ ತಮ್ಮ. ಅವನ ಪೆಟ್ಟಿಗೆಯ ಮುಂದೆ ಹೂವು ಇರಲಿಲ್ಲ. ಮೇಲೆ ಹೋಗಿ ಒಂದು ಹೂವು ಕೊಂಡು ತರೋಣವಾ ಅಂತ ಅಜ್ಜಿ ಕೇಳಿದರು. ತಂದ್ವಿ.